ಎಳೆಯ ಮಕ್ಕಳ ಜ್ವರವೂ ಜೋಡಿ ರೋಗಗಳೂ

ಮೈಸೂರಿನ ಮಗ್ಗುಲಿನ ಹಳ್ಳಿಯಾಗಿದ್ದು 2020ರಲ್ಲಿ ಪಟ್ಟಣ ಪಂಚಾಯಿತಿಯ ಪದವಿಗೇರಿದ ಬೋಗಾದಿಯಂತಹ ಊರುಗಳಲ್ಲಿ ಮನೆಯ ತೊಟ್ಟಿಯೂ ಖಾಲಿ ನಿವೇಶನದ ಪೊದೆಯೂ ಅಕ್ಕಪಕ್ಕದಲ್ಲಿರುವುವು. ತೊಟ್ಟಿಯಲ್ಲಿ ಡೆಂಗಿಯ ಸೊಳ್ಳೆ ಬೆಳೆಯುವುದು. ಪೊದೆಯಲ್ಲಿ ಸ್ಕ್ರಬ್ ಟೈಫಸ್ ತರತಕ್ಕ ನುಸಿಯ ಮರಿ ಇರಬಹುದು. ಕೊಳೆನೀರು ಬೆರೆತ ಕುಡಿಯುವ ನೀರಿನಿಂದ ವಿಷಮಶೀತ ಜ್ವರ ಹರಡುವುದು. ಇವು ಮಕ್ಕಳ ಮೈಗೆ ಸರದಿಯ ಮೇಲೆಯೇ ಬರಬೇಕೆಂಬ ಕಟ್ಟಳೆ ಯಾವುದೂ ಇಲ್ಲ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರದವರು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿದರು. ಅದಕ್ಕೆ ಮೊದಲೇ ಖಾಸಗಿ ಪ್ರಯೋಗಶಾಲೆಗಳಲ್ಲಿ ಅದರ ಪರೀಕ್ಷೆಯ ದರಕ್ಕೆ ಮಿತಿಯನ್ನೂ ಗೊತ್ತುಮಾಡಿದ್ದರು. ಇದು ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ಡೆಂಗಿ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ದೊರೆತೊಡನೆ ಶೋಧನೆಯನ್ನು ನಿಲ್ಲಿಸಿಬಿಡುವುದು ಅಪಾಯಕರವೆಂದು ನಮ್ಮ ಅಭಿಪ್ರಾಯ. ಡೆಂಗಿಯ ಜ್ವರವು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯತಕ್ಕದ್ದು. ರಕ್ತದ ಬಿಳಿಯ ಕಣಗಳೂ ಪ್ರಾಯಶಃ ಕಡಿಮೆಯಾಗುವುವು. ವಾರ ಕಳೆದರೂ ಜ್ವರ ಬಿಡದಿದ್ದರೆ, ಅಥವಾ ಬಿಳಿಯ ಕಣಗಳು ಏರುತ್ತ ಹೋದರೆ, ಎರಡನೆಯ ರೋಗವೊಂದು ಒಳಗೆ ಅಡಗಿದೆಯೆಂದು ವೈದ್ಯರು ಶಂಕಿಸಲೇಬೇಕು. ಮಗುವಿನ ಕಂಕುಳು, ತೊಡೆಯ ಸಂದು, ಕಿವಿಯ ಹಿಂಭಾಗಗಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆಯನ್ನು ಹುಡುಕಬೇಕು. ಈ ಶೋಧನೆಗೆ ಕಾಸೂ ಖರ್ಚಿಲ್ಲ! ವಿಷಮಶೀತ ಜ್ವರಕ್ಕೆಂದು ಕೊಡುವ ಸೆಫ್ಟ್ರಿಯಾಕ್ಸೋನ್ ಸೂಜಿಮದ್ದು ಸ್ಕ್ರಬ್ ಟೈಫಸ್ಸಿಗೆ ನಾಟುವುದಿಲ್ಲ; ಅದಕ್ಕೆ ಅಗ್ಗವಾದ ಡಾಕ್ಸಿಸೈಕ್ಲಿನ್ ಬೇಕು. ಒಂದು ರೋಗವನ್ನು ಕಂಡು ಇನ್ನೊಂದನ್ನು ಕಾಣದಿದ್ದರೆ ಹೋಗುವುದು ಕೂಸಿನ ಪ್ರಾಣ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ವರದಿಯಲ್ಲಿ ಎರಡು ರೋಗಗಳ ಹೆಸರು ಕಂಡ ಮಾತ್ರಕ್ಕೆ ಎರಡೂ ಇವೆಯೆಂದು ಹೇಳಲಾಗದು. 1896ರಲ್ಲಿ ಫ್ರಾನ್ಸಿನ ವಿಡಾಲ್ ಪಂಡಿತರು ಪ್ರಕಟಿಸಿದ ಪರೀಕ್ಷೆಯನ್ನು ನಮ್ಮ ಪೇಟೆಯ ಪ್ರಯೋಗಶಾಲೆಗಳು ಇನ್ನೂ ಬಿಟ್ಟಿಲ್ಲ. ಹಿಂದೆ ಬಂದುಹೋದ ಸೋಂಕಿನಿಂದಲೂ, ಬೇರೆ ಜ್ವರಗಳಿಂದಲೂ ಅದು ಇದೆಯೆಂದೇ ನುಡಿಯಬಹುದು. ಖಚಿತವಾದ ಸಾಕ್ಷ್ಯ ದೊರೆಯುವುದು ರಕ್ತದಲ್ಲಿನ ರೋಗಾಣುಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಿಂದ. ಅದಕ್ಕೆ ಆ್ಯಂಟಿಬಯಾಟಿಕ್ ಕೊಡುವ ಮೊದಲೇ ರಕ್ತ ತೆಗೆಯತಕ್ಕದ್ದು. ಔಷಧದಂಗಡಿಯವರ ಮಾತಿನಂತೆ ಎರಡು ದಿನ ಮಾತ್ರೆ ನುಂಗಿಸಿ, ಆಮೇಲೆ ಆಸ್ಪತ್ರೆಗೆ ಓಡುವ ತಂದೆತಾಯಿಗಳು ಆ ಸಾಕ್ಷ್ಯವನ್ನು ತಾವೇ ಅಳಿಸಿಹಾಕಿದಂತಾಗುವುದು.

ಬೋಗಾದಿಗೆ ನಾಲ್ಕಾರು ಮೈಲಿಯೊಳಗೆ ಚೆಲುವಾಂಬ ಆಸ್ಪತ್ರೆಯೂ ಮೈಸೂರು ವೈದ್ಯಕೀಯ ಕಾಲೇಜೂ ಇವೆ. ಹೊರವಲಯದ ಆರೋಗ್ಯ ಕೇಂದ್ರಗಳಲ್ಲಿ ಮದ್ದಿಗೆ ಮೊದಲೇ ತೆಗೆದ ರಕ್ತವು ಅದೇ ದಿನ ಕಾಲೇಜಿನ ಪ್ರಯೋಗಶಾಲೆಯನ್ನು ಸೇರುವ ಏರ್ಪಾಟನ್ನು ಸರ್ಕಾರದವರು ಮಾಡಬೇಕು. ಡೆಂಗಿಗೆ ಗೊತ್ತುಮಾಡಿದಂತೆಯೇ ಕಲ್ಚರಿಗೂ ಸ್ಕ್ರಬ್ ಟೈಫಸ್ ಪರೀಕ್ಷೆಗೂ ದರದ ಮಿತಿಯನ್ನು ಮುಂದಿನ ಮುಂಗಾರಿಗೆ ಮುಂಚೆಯೇ ಗೊತ್ತುಮಾಡಬೇಕು.