ಈ ವಾರದ ಪದ: ನಿಧಾನ

ಮಕ್ಕಳೇ, ‘ನಿಧಾನವಾಗಿ ಊಟ ಮಾಡು’, ‘ಮೆಟ್ಟಿಲು ನಿಧಾನವಾಗಿ ಇಳೀರಿ ತಾತ’ ಎಂಬ ಮಾತುಗಳು ನಿಮ್ಮ ಮನೆಯಲ್ಲೂ ದಿನಾ ಕೇಳುತ್ತಿರಬೇಕು. ಈ ‘ನಿಧಾನ’ ಎಲ್ಲಿಂದ ಬಂತು?

ಇದು ಸಂಸ್ಕೃತದ ಪದ. ಅಲ್ಲಿ ನಿಧಾನ ಎಂದರೆ ಇಡುವುದು, ಜೋಪಾನವಾಗಿ ಇಟ್ಟ ವಸ್ತು, ಭಂಡಾರ. ‘ನಿಧಿ’ ಇದರ ಒಡಹುಟ್ಟು. ಹಿಂದಿಯಲ್ಲಿ ‘ಕೃಪಾನಿಧಾನ’ ಎಂದು ಬಂದರೆ ನಿಧಾನವಾಗಿ ಕೃಪೆ ತೋರುವವನು ಎಂದು ಬರೆದುಬಿಡಬೇಡಿ! ಕೃಪೆಯ ಭಂಡಾರ ಎಂದು ಅರ್ಥ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಠೇವಣಿಗೂ ನಿಧಾನಕ್ಕೂ ಇರುವ ಈ ನಂಟು ಬಹಳ ಇಷ್ಟ.

ಕನ್ನಡದಲ್ಲಿ ಅದೇ ಪದ ಆತುರವಿಲ್ಲದ ನಡೆಗೆ ಹೆಸರಾಯಿತು. ‘ನಿಧಾನಿಸು’ ಎಂದರೆ ವೇಗ ತಗ್ಗಿಸು. ಯೋಚಿಸಿ ನೋಡು ಎಂಬ ಅರ್ಥವೂ ಉಂಟು. ತುಂಬಿದ ಕೊಡವನ್ನು ಕೆಳಗಿಡುವುದನ್ನು ನೆನೆಸಿಕೊಳ್ಳಿ. ದಡಕ್ಕನೆ ಇಟ್ಟರೆ ನೀರು ಚೆಲ್ಲುತ್ತದೆ.

ನಿಧಾನ ಬೇರೆ, ತಡ ಬೇರೆ. ಕೆ.ಆರ್. ನಗರದ ಸ್ಟೇಷನ್ನಿಗೆ ರೈಲು ನಿಧಾನವಾಗಿ ಬಂತು ಎಂದರೆ ಅದರ ವೇಗ ಕಡಿಮೆ ಇತ್ತು. ತಡವಾಗಿ ಬಂತು ಎಂದರೆ ಹೊತ್ತು ಮೀರಿತ್ತು. ನಿಧಾನವಾಗಿ ಬಂದ ರೈಲು ಹೊತ್ತಿಗೆ ಸರಿಯಾಗಿಯೇ ಬಂದಿರಬಹುದು.

ಇದರ ನೆಂಟ ‘ಸಾವಧಾನ’. ಸ ಮತ್ತು ಅವಧಾನ ಸೇರಿದರೆ ಗಮನದಿಂದ ಎಂದಾಯಿತು. ಡ್ರಿಲ್ಲಿನಲ್ಲಿ ಮೇಷ್ಟ್ರು ‘ಸಾವಧಾನ್’ ಎಂದರೆ ನೆಟ್ಟಗೆ ನಿಲ್ಲುತ್ತೀರಿ. ಅಜ್ಜಿ ‘ಸಾವಧಾನವಾಗಿ ಹೇಳು’ ಎಂದರೆ ಅವಸರ ಬೇಡ ಎಂದರ್ಥ. ‘ಸಾವಕಾಶ’ ಎಂದರೆ ಅವಕಾಶ ಇಟ್ಟುಕೊಂಡು. ಈ ಯಾವ ಪದದಲ್ಲೂ ಸೋಮಾರಿತನ ಇಲ್ಲ ನೋಡಿ.

ನಮ್ಮ ಕಡೆ ಈ ಪದಕ್ಕೆ ಜೀವದ ಬೆಲೆಯಿದೆ. ಹುಣಸೂರಿನಿಂದ ನಾಗರಹೊಳೆಗೆ, ಎಚ್.ಡಿ. ಕೋಟೆಯಿಂದ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆಗಳು ಕಾಡಿನೊಳಗೆ ಸಾಗುತ್ತವೆ. ಜಿಂಕೆ, ಆನೆ ಯಾವಾಗ ಅಡ್ಡ ಬರುತ್ತವೋ ಹೇಳಲಾಗದು. ಒಂದು ಲೆಕ್ಕ ಮಾಡೋಣ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ. 80ರಲ್ಲಿ 22 ಮೀಟರ್. ಅದೂ ಚಾಲಕನ ಕಾಲು ಬ್ರೇಕಿಗೆ ಹೋಗುವ ಮೊದಲೇ. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ಜಿಂಕೆಮರಿಗೆ ಈ ಲೆಕ್ಕ ಬಾರದು. ಗಾಡಿ ಓಡಿಸುವವರಿಗೆ ಬರಬೇಕು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ನಿಮಗೆ ಗೊತ್ತು. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರಿಗೆ ಅಂದಿನ ಮೈಸೂರು ರಾಜ್ಯ ಜಾಗ ಕೊಟ್ಟ ಊರು. ಅವರ ಭಾಷೆಯಲ್ಲಿ ಹೊರಟವರಿಗೆ ‘ಕಲೇ ಫೇ’ ಎನ್ನುತ್ತಾರೆ. ನಿಧಾನವಾಗಿ ಹೋಗಿ ಎಂದರ್ಥ. ಹೊರಟವರು ಮನೆಯಲ್ಲಿ ಉಳಿದವರಿಗೆ ‘ಕಲೇ ಶು’ ಎನ್ನುತ್ತಾರೆ, ನಿಧಾನವಾಗಿ ಇರಿ ಎಂದು. ಬೀಳ್ಕೊಡುವ ಮಾತೇ ಅದು. ನಮ್ಮ ಮನೆಗಳಲ್ಲೂ ಹಿರಿಯರು ಬಾಗಿಲವರೆಗೆ ಬಂದು ‘ನಿಧಾನವಾಗಿ ಹೋಗಿ ಬನ್ನಪ್ಪ’ ಎನ್ನುವುದಿಲ್ಲವೇ?

ಈಗ ‘ಸ್ಲೋ’ ಎಂಬ ಪದ ಬಂದಿದೆ. ಫೋನು ಸ್ಲೋ ಎಂದರೆ ಫೋನಿಗೇನೂ ಬೇಜಾರಿಲ್ಲ. ಆದರೆ ತರಗತಿಯಲ್ಲಿ ಒಬ್ಬ ಹುಡುಗನನ್ನು ‘ಅವನು ಸ್ಲೋ’ ಎಂದರೆ ಅದು ಅವನಿಗೆ ಅಂಟಿಕೊಂಡುಬಿಡುತ್ತದೆ. ಅವನು ಪ್ರತಿ ಅಂಕಿಯನ್ನೂ ಎರಡು ಸಲ ನೋಡಿ ಬರೆಯುತ್ತಿರಬಹುದು. ತಾತ ಬಟನ್ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡರೆ, ಕೈ ಮೊದಲಿನಂತೆ ಕೇಳುತ್ತಿಲ್ಲ ಅಷ್ಟೇ. ಅಂಥವರಿಗೆ ‘ನಿಧಾನವಾಗಿ ಮಾಡಿ, ಕಾಯ್ತೀನಿ’ ಎನ್ನಿ.

ಈ ವಾರದ ಕೆಲಸ: ‘ನಿಧಾನ’ಕ್ಕೆ ನಿಮ್ಮ ಅಜ್ಜ ಅಜ್ಜಿ ಬಳಸುವ ಬೇರೆ ಪದಗಳನ್ನು ಕೇಳಿ ಬರೆದುಕೊಳ್ಳಿ. ಮೊದಲನೆಯದು ನಾನೇ ಕೊಡುತ್ತೇನೆ: ‘ಮೆಲ್ಲಗೆ’.