ಕರುಳಿನ ಪರೀಕ್ಷೆಗೆ ಮುನ್ನ ಪಾಲಿಸತಕ್ಕ ಪಥ್ಯ

ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೊಪಿಗೆ ದಿನ ಗೊತ್ತುಮಾಡಿಕೊಂಡು ಮನೆಗೆ ಮರಳುವ ರೋಗಿಯ ಕೈಯಲ್ಲಿರುವ ಸೂಚನಾಪತ್ರವು ಹಲವೆಡೆ ಇಂದಿಗೂ ಇಂಗ್ಲಿಷಿನಲ್ಲಿದ್ದು, ಟೋಸ್ಟು, ಸೂಪು, ಜೆಲ್ಲಿಗಳನ್ನು ಹೆಸರಿಸುತ್ತದೆಯೇ ಹೊರತು, ಅವನ ಅಡುಗೆಮನೆಯಲ್ಲಿ ನಿತ್ಯವೂ ಬೇಯುವ ಮುದ್ದೆ, ಬಸ್ಸಾರು, ಅವರೆಕಾಳುಗಳ ವಿಷಯದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಪರೀಕ್ಷೆಯ ಸಾಫಲ್ಯವು ವೈದ್ಯರ ಕೌಶಲವನ್ನು ಮಾತ್ರವಲ್ಲದೆ ಅದಕ್ಕೆ ಮುಂಚಿನ ಎರಡು ಮೂರು ದಿನಗಳ ಆಹಾರವನ್ನೂ ಅವಲಂಬಿಸಿರುವುದರಿಂದ, ಈ ಕೊರತೆಯನ್ನು ಅಲ್ಪದೋಷವೆಂದು ಕಡೆಗಣಿಸಲು ನನ್ನ ಮನಸ್ಸೊಪ್ಪದು.

ಜಠರವನ್ನು ನೋಡುವ ಎಂಡೊಸ್ಕೊಪಿಗಾದರೆ ಸಾಮಾನ್ಯವಾಗಿ 6ರಿಂದ 8 ಗಂಟೆಗಳ ಉಪವಾಸ ಸಾಕು. ದೊಡ್ಡ ಕರುಳಿನ ಸಂಗತಿ ಬೇರೆ. ಇತರ ದಿನಗಳಲ್ಲಿ ಹಿರಿಯರೂ ವೈದ್ಯರೂ ಒಕ್ಕೊರಲಿನಿಂದ ಹೊಗಳುವ ರಾಗಿ, ಸೊಪ್ಪು, ಸಿಪ್ಪೆಸಹಿತವಾದ ಕಾಳು, ಸೀಬೆಹಣ್ಣುಗಳೇ ಆಗ ವರ್ಜ್ಯವಾಗುತ್ತವೆ. ಏಕೆಂದರೆ ಅವುಗಳ ನಾರೂ ಬೀಜವೂ ಜೀರ್ಣವಾಗದೆ ಉಳಿದು, ಮುಂದೆ ಅರ್ಬುದರೋಗವಾಗಿ ಪರಿಣಮಿಸಬಹುದಾದ ಪಾಲಿಪ್ ಎಂಬ ಸಣ್ಣ ಗಂಟುಗಳನ್ನು ಮರೆಮಾಡಬಲ್ಲವು. ನಿಶ್ಶಕ್ತಿಯಾದೀತೆಂಬ ಮಮತೆಯಿಂದ ಹಿಂದಿನ ದಿನ ತಾಯಿಯೋ ಸೊಸೆಯೋ ಕೊಡುವ ಒಂದು ಲೋಟ ರಾಗಿ ಅಂಬಲಿಯಿಂದಲೂ ಪರೀಕ್ಷೆಗೆ ತೊಡಕುಂಟಾದೀತು. ಮೊದಲ ದಿನಗಳಿಗೆ ಬಿಳಿ ಅನ್ನ, ಇಡ್ಲಿ, ಮಜ್ಜಿಗೆ ಒಪ್ಪುವಂಥವು. ಹಿಂದಿನ ದಿನ ತಿಳಿಯಾದ ದ್ರವಗಳು ಮಾತ್ರ: ಎಳನೀರು, ಹಾಲು ಬೆರೆಸದ ಕಾಫಿ, ಒಗ್ಗರಣೆಯ ಸಾಸಿವೆ ಕರಿಬೇವುಗಳು ಉಳಿಯದಂತೆ ಬಟ್ಟೆಯಲ್ಲಿ ಸೋಸಿದ ತಿಳಿಸಾರು. ಹಾಲು ಆ ದಿನಕ್ಕೆ ಸಲ್ಲದು. ಕರಾವಳಿಯವರಿಗೆ ಪ್ರಿಯವಾದ ಪುನರ್ಪುಳಿ ಶರಬತ್ತಾಗಲಿ, ಬೀಟ್‌ರೂಟಿನ ರಸವಾಗಲಿ, ಕೆಂಪು ಬಣ್ಣದಿಂದ ರಕ್ತವೆಂಬ ಭ್ರಾಂತಿಯನ್ನು ಹುಟ್ಟಿಸಬಹುದು.

ಭೇದಿಯ ಔಷಧವನ್ನು ಈಗ ಎರಡು ಪಾಲುಮಾಡಿ, ಒಂದನ್ನು ಹಿಂದಿನ ಸಂಜೆಯೂ ಇನ್ನೊಂದನ್ನು ಪರೀಕ್ಷೆಗೆ ಕೆಲವು ಗಂಟೆಗಳ ಮೊದಲೂ ಕುಡಿಸುವುದು ರೂಢಿ. ಹೊಟ್ಟೆ ಚೆನ್ನಾಗಿ ಹೋಯಿತಲ್ಲ, ಇನ್ನೇಕೆ ಈ ಉಪ್ಪುನೀರು ಎಂದು ಬೆಳಗಿನ ಪಾಲನ್ನು ಬಿಟ್ಟುಬಿಡುವವರುಂಟು; ಆದರೆ ರಾತ್ರಿಯಿಡೀ ಸಣ್ಣ ಕರುಳಿನಿಂದ ಇಳಿದುಬರುವ ಪಿತ್ತವೂ ಲೋಳೆಯೂ ದೊಡ್ಡ ಕರುಳಿನ ಬಲಭಾಗವನ್ನು ಮತ್ತೆ ಮುಸುಕುವುದರಿಂದ, ಆ ಪಾಲು ಅತ್ಯವಶ್ಯಕ. ಮಲವು ತಿಳಿಹಳದಿ ನೀರಾದಾಗಲೇ ಶುದ್ಧಿಯಾಯಿತೆಂದು ತಿಳಿಯತಕ್ಕದ್ದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ, ಕಬ್ಬಿಣಾಂಶದ ಗುಳಿಗೆಯವರೂ ತಮ್ಮ ವೈದ್ಯರನ್ನು ಮುಂಚಿತವಾಗಿಯೇ ಕೇಳಬೇಕು.

ಪಥ್ಯ ಕೆಟ್ಟರೆ, ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಉಪವಾಸ ಎಲ್ಲವೂ ವ್ಯರ್ಥವಾಗಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಆದುದರಿಂದ ಆಸ್ಪತ್ರೆಗಳವರು ನಮ್ಮ ಊಟದ ಹೆಸರುಗಳಿರುವ ಸೂಚನಾಪತ್ರವನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ರೋಗಿಗೆ ಮಾತ್ರವಲ್ಲದೆ ಅವನ ಮನೆಯಲ್ಲಿ ಅಡುಗೆ ಮಾಡುವವರಿಗೂ ಓದಿಹೇಳಬೇಕೆಂದು ಬೇಡುತ್ತೇನೆ.