ತೋಳ ಬಂತು ತೋಳ ಎನ್ನದ ಉಪಗ್ರಹ ಬೇಕು

ಗೌರಿಬಿದನೂರಿನ ಸುತ್ತಮುತ್ತ ನೆಲದ ಕಂಪನಕ್ಕೆ ಸದಾ ಕಿವಿಗೊಟ್ಟಿರುವ ಉಪಕರಣಗಳಿವೆ ಎಂಬುದು ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ಗೊತ್ತಿಲ್ಲ. 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದೊಂದಿಗೆ ಶುರುವಾದ ಈ ಭೂಕಂಪಮಾಪಕಗಳ ಜಾಲವನ್ನು ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುತ್ತಿದೆ. ದೂರದೇಶದಲ್ಲಿ ನೆಲದಡಿ ನಡೆಯುವ ಅಣುಸ್ಫೋಟವನ್ನು ಇಲ್ಲಿ ಕುಳಿತೇ ಪತ್ತೆ ಹಚ್ಚುವುದು ಅದರ ಕೆಲಸ. ಕಂಪನ ದಾಖಲಿಸುವುದು ಮೊದಲ ಹೆಜ್ಜೆಯಷ್ಟೇ. ಅದು ಭೂಕಂಪವೋ, ಬಾಂಬೋ ಎಂದು ಬಿಡಿಸಿ ಹೇಳುವುದೇ ನಿಜವಾದ ಕಷ್ಟ.

ಆಕಾಶದಿಂದ ಕ್ಷಿಪಣಿ ಕಾಯುವವರ ಕಷ್ಟವೂ ಇದೇ. ಕ್ಷಿಪಣಿ ಮೇಲೇರುವಾಗ ಅದರ ಎಂಜಿನ್ ಉಗುಳುವ ಬಿಸಿ ಅನಿಲದಿಂದ ಕಣ್ಣಿಗೆ ಕಾಣದ ಅವಗೆಂಪು, ಅಂದರೆ ಇನ್‌ಫ್ರಾರೆಡ್ ಕಿರಣಗಳು ಹೊಮ್ಮುತ್ತವೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ಆ ಶಾಖವನ್ನು ಗುರುತಿಸಬಲ್ಲದು. ಭೂಮಿ ದುಂಡಗಿರುವುದರಿಂದ ನೆಲದ ರೇಡಾರ್‌ಗೆ ದೂರದ ಉಡಾವಣೆ ಕಾಣುವುದಿಲ್ಲ. ಅಮೆರಿಕ 1970ರಿಂದಲೇ ಇಂಥ ಉಪಗ್ರಹಗಳನ್ನು ಹಾರಿಸುತ್ತಿದೆ.

ಆದರೆ ಕಂಡದ್ದೆಲ್ಲ ನಿಜವಲ್ಲ. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಎಚ್ಚರಿಸಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ಯುದ್ಧ ಹೂಡುವವರು ಬರೀ ಐದು ಕ್ಷಿಪಣಿ ಬಿಡುವುದಿಲ್ಲ ಎಂಬುದು ಅವರ ತರ್ಕ. ನೆಲದ ರೇಡಾರ್‌ನಲ್ಲೂ ಏನೂ ಕಂಡಿರಲಿಲ್ಲ. ಸುಳ್ಳು ಎಚ್ಚರಿಕೆ ಎಂದೇ ವರದಿ ಮಾಡಿದರು. ಮೋಡಗಳ ಮೇಲೆ ಪ್ರತಿಫಲಿಸಿದ ಬಿಸಿಲು ಉಪಗ್ರಹವನ್ನು ಏಮಾರಿಸಿತ್ತು.

ಖಂಡಾಂತರ ಕ್ಷಿಪಣಿಗೆ ಸುಮಾರು ಅರ್ಧ ಗಂಟೆ ಬೇಕು. ಹಾಗಾಗಿ ಪೆಟ್ರೋವ್‌ಗೆ ಯೋಚಿಸಲು ಒಂದಿಷ್ಟು ಸಮಯವಿತ್ತು. ನಮ್ಮ ನೆರೆಯಿಂದ ಹಾರಿದ್ದು ಕೆಲವೇ ನಿಮಿಷಗಳಲ್ಲಿ ಬಂದೆರಗುತ್ತದೆ. ಆದ್ದರಿಂದ ಭಾರತಕ್ಕೆ ಇಂಥ ಕಣ್ಣು ಬೇಕೇ ಬೇಕು. ಆದರೆ ಸಮಯ ಕಡಿಮೆ ಎಂಬ ನೆಪದಲ್ಲಿ ತೀರ್ಮಾನವನ್ನೂ ಯಂತ್ರಕ್ಕೆ ಒಪ್ಪಿಸುವುದು ಸಲ್ಲದು. ಉಪಗ್ರಹ, ರೇಡಾರ್ ಎರಡೂ ಒಂದೇ ಮಾತು ಹೇಳಬೇಕು. ಕೊನೆಯ ಮಾತು ಮನುಷ್ಯನದಾಗಿರಬೇಕು.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೂ ಪಾಠವಿದೆ. ಸಿಗ್ನಲ್ ಪತ್ತೆಯ ಲೆಕ್ಕ ಸರಳ. ಮಿತಿಯನ್ನು ಇಳಿಸಿದರೆ ಏನೂ ತಪ್ಪಿಸಿಕೊಳ್ಳದು, ಆದರೆ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಏರಿಸಿದರೆ ನಿಜವಾದ ಅಪಾಯವೇ ಕೈತಪ್ಪಬಹುದು. ನಮ್ಮ ಪ್ರಾಜೆಕ್ಟುಗಳಲ್ಲಿ ನಾವು ‘ಇಷ್ಟು ಪತ್ತೆಯಾಯಿತು’ ಎಂದು ಬೀಗುತ್ತೇವೆ. ‘ಎಷ್ಟು ಸಲ ಸುಳ್ಳು ಹೇಳಿತು’ ಎಂದು ಬರೆಯುವುದಿಲ್ಲ. ಚಿಂತಾಮಣಿಯಲ್ಲಿರಲಿ, ಶಿಡ್ಲಘಟ್ಟದಲ್ಲಿರಲಿ, ಮುಂದಿನ ಪ್ರಾಜೆಕ್ಟ್ ವರದಿಯಲ್ಲಿ ಆ ಎರಡನೇ ಅಂಕಿಯನ್ನೂ ಬರೆಯೋಣ. ದೇಶ ಕಾಯುವ ಕೆಲಸಕ್ಕೆ ಬೇಕಾದ ಎಂಜಿನಿಯರ್ ತಯಾರಾಗುವುದು ಅಲ್ಲಿಂದಲೇ.